ಹೇಗೂ ಹೋಗ್ತೀರಲ್ಲ

ದೂಮಪ್ಪನ ಬದುಕನ್ನು ಕೆಡಿಸಿದ್ದು ಎರಡೇ ಶಬ್ದ: ‘ಹೇಗೂ ಹೋಗ್ತೀರಲ್ಲ?’ ಊರಿಗೆ ಹೊರಟರೂ ಅದೇ, ಒಮಾನಿನೊಳಗೇ ಬುರೈಮಿಗೆ ಹೊರಟರೂ ಅದೇ. ಗಲ್ಫಿನಲ್ಲಿ ಹೊರಟವನ ಕೈಗೊಂದು ಪಾರ್ಸೆಲ್ ಕೊಡುವುದು ಕೊಡುವವನ ಹಕ್ಕು. ಬೇಡ ಅಂದವನು ಮನುಷ್ಯನೇ ಅಲ್ಲ. ಮಸ್ಕತ್ತಿನ ವಾದಿ ಅದಾಯ್‌ಯ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ದೂಮಪ್ಪ ಹದಿನಾರು ವರ್ಷಗಳಲ್ಲಿ ಒಂದು ಸಲವೂ ಬೇಡ ಅಂದಿರಲಿಲ್ಲ.

ಈ ಸಲ ಹೋಗುವುದು ಸಲಾಲಾಕ್ಕೆ, ಸಾವಿರ ಕಿಲೋಮೀಟರ್. ಮಗಳು ತೃಷಾಳಿಗೆ ಅಲ್ಲಿ ಎರಡು ವಾರದ ಸ್ಪ್ಯಾನಿಷ್ ಶಿಬಿರ. ಗೇಟಿನ ಒಳಗೆ ಕಾಲಿಟ್ಟ ಮಕ್ಕಳು ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡುವ ಹಾಗೇ ಇಲ್ಲವಂತೆ. ಹನ್ನೊಂದು ವರ್ಷದ ಹುಡುಗಿ ಫೋನಿನಲ್ಲೇ ಅಷ್ಟಿಷ್ಟು ಕಲಿತು, ಪರೀಕ್ಷೆ ಬರೆದು, ಸೀಟು ಗಿಟ್ಟಿಸಿದ್ದಳು. ಎರಡು ವರ್ಷ ಕಾದು ಸಿಕ್ಕಿದ ರಜೆಯನ್ನು ದೂಮಪ್ಪ ಅದಕ್ಕೇ ಸುರಿದ. ಊರಿನ ಪ್ರಯಾಣ ಕ್ಯಾನ್ಸಲ್. ಮಗಳನ್ನು ಒಳಗೆ ಬಿಟ್ಟು ಗಂಡ ಹೆಂಡತಿ ಹೊರಗೊಂದು ಕೋಣೆ ಹಿಡಿದು ಕಾಯುವುದೇ ಆ ವರ್ಷದ ಸಂಸಾರ ಪ್ರವಾಸ. ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು ಇನ್ನು ಅದನ್ನೂ ಕೊಡಲಿಕ್ಕಿಲ್ಲ ಎಂದು ಅವನಿಗೆ ಒಳಗೊಳಗೇ ಸಂಕಟ. ಆದರೂ ಸೀಟು ಸಿಕ್ಕಿದ ದಿನ ಅವಳು ಓಡಿ ಬಂದು ಅವನ ಕುತ್ತಿಗೆಗೆ ಜೋತು ಬಿದ್ದಿದ್ದಳು. ಬಡಪಾಯಿ ಅಷ್ಟಕ್ಕೇ ಕರಗಿಬಿಟ್ಟಿದ್ದ.

ಷರತ್ತು ಒಂದೇ. ಶನಿವಾರ ಸಂಜೆ ನಾಲ್ಕಕ್ಕೆ ಗೇಟು ಬಂದ್. ತಡವಾಗಿ ಬಂದವರ ಸೀಟು ಹೋಯಿತು.

“ಕ್ಯಾಂಪಿನ ವಿಷಯ ಯಾರ ಹತ್ರವೂ ಬಾಯಿ ಬಿಡ್ಬೇಡಿ, ಆಯ್ತಾ?” ಹೆಂಡತಿ ಸುಂದರಿ ತಾಕೀತು ಮಾಡಿದ್ದಳು. “ಹೋದ ವರ್ಷ ಡ್ಯಾನ್ಸ್ ಟೀಚರ್ ಬಗ್ಗೆ ಹೇಳಿ ಎಂತ ಆಯ್ತು? ಇಡೀ ಬಿಲ್ಡಿಂಗಿನ ಮಕ್ಕಳು ಬಂದು ಸೇರಿದ್ರು. ದೃಷ್ಟಿ ಬೇರೆ! ಸಲಾಲಾದಲ್ಲಿ ಈಗ ಮಳೆಗಾಲ ಅಲ್ವಾ, ಎಲ್ಲರ ಹಾಗೆ ಮಳೆ ನೋಡ್ಲಿಕ್ಕೆ ಹೋಗುದು ಅಂತ ಹೇಳಿ, ಸಾಕು.”

ಮಳೆ ನೋಡಲು ಹೋಗುವವನಿಗೆ ಅರ್ಜೆಂಟ್ ಎಂತದ್ದು? ಶನಿವಾರ ಬೆಳಗಿನ ಬಾಂಗ್ ಆಗುವಾಗ ಕಾರಿನ ಹತ್ತಿರ ಬಂದರೆ, ಕೆಳಗಿನ ಮನೆಯ ಕುಂಞಮ್ಮದ್ ಕಾಕ ಅಕ್ಕಿ ಚೀಲ ಹಿಡಿದು ನಿಂತಿದ್ದರು.

“ಹೇಗೂ ಹೋಗ್ತೀರಲ್ಲ ದೂಮಪ್ಪಣ್ಣ? ದಾರಿಯಲ್ಲಿ ನಿಝ್ವಾದಲ್ಲಿ ನನ್ನ ತಂಗಿ ಬೀಬಿ ಉಂಟು. ಈ ಕುಚ್ಚಲಕ್ಕಿ ಒಂದು ಕೊಟ್ಟುಬಿಡಿ.”

ಅವರ ಹಿಂದೆಯೇ ಮೂರನೇ ಮಾಳಿಗೆಯ ಝಕರಿಯಾ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೂಪರ್‌ವೈಸರ್. ಅವನ ಕೈಯಲ್ಲಿ ಒಂದು ಕಾರ್ಟನ್, ಕಡೆಯುವ ಕಲ್ಲಿನಷ್ಟು ಭಾರ.

“ಸಲಾಲಾದಲ್ಲಿ ಸ್ಟೀವನ್ ಅಂತ ಒಬ್ರು ಉಂಟು. ಮುಟ್ಟಿ ಫೋನ್ ಮಾಡಿದ್ರೆ ಬಂದು ತಗೊಂಡು ಹೋಗ್ತಾರೆ. ಸ್ವಲ್ಪ ಪ್ರೆಸ್ಸಿನ ಸಾಮಾನು, ಬೇರೆಂತ ಇಲ್ಲ.”

“ನೀವು ರಜೆಯಲ್ಲಿ ಎಲ್ಲಿಗೂ ಇಲ್ವಾ?” ಎಂದ ದೂಮಪ್ಪ, ಸೊಂಟ ಹಿಡಿದುಕೊಂಡು.

“ನಮಗೆಲ್ಲ ಎಂತ ರಜೆ ಮಾರಾಯ್ರೆ!” ಝಕರಿಯಾ ನಿಟ್ಟುಸಿರು ಬಿಟ್ಟ.

ನಿಝ್ವಾದಲ್ಲಿ ಅಕ್ಕಿ ಇಳಿಸಿ ಓಡಿಬಿಡೋಣ ಅಂದರೆ ಬೀಬಿ ಬಿಡಬೇಕಲ್ಲ! “ಅಕ್ಕಿ ತಂದವರು ಬಾಯಿ ಒಣಗಿಸಿಕೊಂಡು ಹೋಗುದಾ? ಮಳೆ ಎಲ್ಲಿ ಓಡಿ ಹೋಗ್ತದೆ?” ಎಂದು ಅವಳು ಒತ್ತು ಶ್ಯಾವಿಗೆಗೆ ಒಲೆ ಹಚ್ಚಿಯೇಬಿಟ್ಟಳು. ನಿಜ ಹೇಳುವ ಹಾಗಿಲ್ಲ, ಬೇಡ ಅನ್ನಲು ಬಾಯಿ ಬಾರದು. ಮುಕ್ಕಾಲು ಗಂಟೆ ಕಳೆದು ತಟ್ಟೆ ಬಂತು. ತೃಷಾ ಗಡಿಯಾರ ನೋಡುತ್ತ ಕೂತಳು, ಒಂದು ತುತ್ತೂ ಮುಟ್ಟಲಿಲ್ಲ.

ಅರ್ಧ ದಾರಿಯಲ್ಲಿ, ಮರುಭೂಮಿಯ ನಡುವಿನ ಹೈಮಾ ದಾಟುತ್ತಿದ್ದಂತೆ ಹಿಂದಿನ ಟಯರು ಪಂಚರ್. ಸುತ್ತ ಒಂದು ಮರದ ನೆರಳಿಲ್ಲ. ಸ್ಟೆಪ್ನಿ ತೆಗೆಯಲು ಡಿಕ್ಕಿಯಲ್ಲಿದ್ದದ್ದನ್ನೆಲ್ಲ ರಸ್ತೆ ಬದಿಗೆ ಇಳಿಸಿದ್ದಾಯಿತು. ಆ ಕಾರ್ಟನ್ ಎತ್ತುವಾಗ ದೂಮಪ್ಪನ ಕಣ್ಣಲ್ಲಿ ನೀರೇ ಬಂತು. ಎದುರು ದಿಕ್ಕಿನಿಂದ ಬಂದ ಪಿಕಪ್ಪಿನ ಪಠಾಣನೊಬ್ಬ ಇಳಿದು ಟಯರು ಬದಲಿಸಿಕೊಟ್ಟ. ಹಳೆಯ ಸ್ಟೆಪ್ನಿಯನ್ನು ಒತ್ತಿ ನೋಡಿ, “ಇಷ್ಟು ಭಾರ ಹೇರಿದರೆ ಎಂಬತ್ತರ ಮೇಲೆ ಓಡಿಸಬೇಡ” ಎಂದು ಹಿಂದಿಯಲ್ಲಿ ಎಚ್ಚರಿಸಿದ.

ಎಂಬತ್ತರಲ್ಲಿ ಹೋದರೆ ಮುಟ್ಟುವಾಗ ಆರು ಗಂಟೆ.

“ಪಪ್ಪಾ, ಯು ಪ್ರಾಮಿಸ್ಡ್” ಎಂದಳು ತೃಷಾ.

ದೂಮಪ್ಪ ಒಮ್ಮೆ ಮಗಳನ್ನು ನೋಡಿದ, ಒಮ್ಮೆ ಕಾರ್ಟನ್ ನೋಡಿದ. ಪಿಕಪ್ಪಿನಲ್ಲಿ ಹಳೆಯ ಗೇರ್‌ಬಾಕ್ಸುಗಳಿದ್ದವು. ಎಲ್ಲಿಗೆ ಅಂತ ಕೇಳಿದರೆ ವಾದಿ ಅದಾಯ್‌ಯ ಗ್ಯಾರೇಜಿಗೆ! ದೇವರೇ ಕಳಿಸಿದ ಹಾಗಿತ್ತು. ಹದಿನಾರು ವರ್ಷ ಕೇಳಿಸಿಕೊಂಡ ಮಾತನ್ನು ಅವನು ಮೊದಲ ಸಲ ತಾನೇ ಆಡಿದ.

“ಭಾಯ್‌ಸಾಬ್, ನೀವು ಹೇಗೂ ಹೋಗ್ತೀರಲ್ಲ? ಇದನ್ನು ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೆ ಕೊಟ್ಟುಬಿಡಿ. ಝಕರಿಯಾನದ್ದು ಅಂದ್ರೆ ಸಾಕು.” ಬಿಲ್ಡಿಂಗಿನ ಗುರುತು ಹೇಳಿ ತನ್ನ ಫೋನ್ ನಂಬರೂ ಕೊಟ್ಟ.

“ಅವ್ರು ಎಂತ ತಿಳ್ಕೊಂಡಾರು?” ಎಂದಳು ಸುಂದರಿ.

“ಎಂತ ಬೇಕಾದ್ರೂ ತಿಳ್ಕೊಳ್ಳಲಿ! ನನ್ನ ಮಗಳಿಗಿಂತ ಹೆಚ್ಚಾ ಅವನ ಸಾಮಾನು?”

ಕಾರು ಹಗುರಾಯಿತು, ಅದಕ್ಕಿಂತ ಹೆಚ್ಚು ದೂಮಪ್ಪ ಹಗುರಾದ. ಹಿಂದೆ ಕೂತ ತೃಷಾ ಅವನಿಗೆ ಒಂದು, ಎರಡು, ಮೂರು ಅನ್ನುವುದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿಕೊಟ್ಟಳು. ಹತ್ತರವರೆಗೆ ತಪ್ಪದೆ ಹೇಳಿದಾಗ ಅವಳು ನಕ್ಕಳು. ಎಷ್ಟು ವರ್ಷವಾಗಿತ್ತೋ ಅವಳು ಅವನ ಮಾತಿಗೆ ನಕ್ಕು!

ಸಲಾಲಾದ ತುಂತುರು ಮಳೆಯಲ್ಲಿ ಶಿಬಿರದ ಎದುರು ಕಾರು ನಿಂತಾಗ ನಾಲ್ಕಕ್ಕೆ ಎಂಟು ನಿಮಿಷ. ಗೇಟಿಗೆ ಬೀಗ. ಬ್ಯಾಗು ಹೊತ್ತ ಇಪ್ಪತ್ತು ಮಕ್ಕಳು, ಅವರ ಅಪ್ಪ ಅಮ್ಮಂದಿರು ಹೊರಗೇ ನೆನೆಯುತ್ತಿದ್ದರು. ಮುಂದೆಯೇ ಮಗಳು ನಾಝಿಯಾಳಿಗೆ ಕೊಡೆ ಹಿಡಿದು ನಿಂತಿದ್ದವನು ಝಕರಿಯಾ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ನೀವು ಮಳೆ ನೋಡ್ಲಿಕ್ಕೆ ಅಲ್ವಾ ಬಂದದ್ದು?”

“‘ನಮಗೆಲ್ಲ ಎಂತ ರಜೆ’ ಅಂತ ಅಲ್ವಾ ನೀವು ಹೇಳಿದ್ದು?”

ಮೊದಲು ಚೇತರಿಸಿಕೊಂಡವನು ಝಕರಿಯಾ. “ಬಿಡಿ ದೂಮಪ್ಪಣ್ಣ, ಹೇಳಿದ್ರೆ ಎಲ್ಲರೂ ಬಂದು ಸೇರ್ತಾರೆ ಅಂತ ನಮ್ಮವಳು ಬಾಯಿ ಕಟ್ಟಿದ್ದಳು. ಒಳ್ಳೇದೇ ಆಯ್ತು, ನೀವು ನೇರ ಇಲ್ಲಿಗೇ ಬಂದ್ರಿ. ತೆಗೀರಿ ಕಾರ್ಟನ್! ಕ್ಯಾಂಪಿನ ಪುಸ್ತಕ, ಮಕ್ಕಳ ಬ್ಯಾಡ್ಜ್ ಎಲ್ಲ ಅದ್ರಲ್ಲೇ ಇರುದು. ನಮ್ಮ ಪ್ರೆಸ್ಸಲ್ಲೇ ಆದದ್ದು. ವಿಮಾನದಲ್ಲಿ ಅಷ್ಟು ಭಾರ ಬಿಡುದಿಲ್ಲ, ಹಾಗೆ ನಿಮ್ಮ ಹತ್ರ ಕೊಟ್ಟದ್ದು. ಸ್ಟೀವನ್ ಇವ್ರೇ ನೋಡಿ, ಇಲ್ಲಿಯ ಮ್ಯಾನೇಜರ್.”

“ಬ್ಯಾಡ್ಜ್ ಇಲ್ಲದೆ ಮಕ್ಕಳನ್ನು ಒಳಗೆ ಬಿಡುವ ಹಾಗಿಲ್ಲ, ಬೆಳಗ್ಗಿಂದ ನಿಮ್ಮನ್ನೇ ಕಾಯುದು ಸಾರ್” ಎಂದರು ಸ್ಟೀವನ್.

ದೂಮಪ್ಪ ಹೆಂಡತಿಯ ಹಿಂದೆ ಸರಿದ. ಸುಂದರಿಯೇ ತಡವರಿಸಿ ವಿಷಯ ಹೇಳಿದಳು. ಇಪ್ಪತ್ತು ಸಂಸಾರಗಳೂ ಒಟ್ಟಿಗೆ ಅವನತ್ತ ತಿರುಗಿದವು. ಸ್ಟೀವನ್ ಒಳಗೆ ಹೋಗಿ ಮಾತಾಡಿ, ಮುಕ್ಕಾಲು ಗಂಟೆ ಬಿಟ್ಟು ಜೋಲು ಮುಖದಲ್ಲಿ ಬಂದರು. ನಾಳೆ ಸಂಜೆ ನಾಲ್ಕರೊಳಗೆ ಪುಸ್ತಕ ಬಾರದಿದ್ದರೆ ಈ ವರ್ಷದ ಶಿಬಿರವೇ ರದ್ದು. ಯಾವ ವಿಮಾನದಲ್ಲೂ ಸೀಟಿಲ್ಲ. ಬೇರೆಯವರ ಕೈಯಲ್ಲಿ ಕಳಿಸುವುದು ಮಾತ್ರ ಇನ್ನು ಸುತರಾಂ ಬೇಡ, ದೂಮಪ್ಪನೇ ಹೋಗಿ ತರಲಿ ಎಂದು ಅಪ್ಪ ಅಮ್ಮಂದಿರೆಲ್ಲ ಒಂದೇ ಸ್ವರದಲ್ಲಿ ಹೇಳಿದರು.

ಆಗಲೇ ದೂಮಪ್ಪನ ಫೋನ್ ಹೊಡೆದುಕೊಂಡಿತು. ಪಠಾಣ! “ಖಲಾಸ್ ಭಾಯ್! ಎಲ್ಲಿಯೂ ನಿಲ್ಲಿಸಲಿಲ್ಲ, ಊಟ ಕೂಡ ಮಾಡಲಿಲ್ಲ. ನಿಮ್ಮ ಪಾರ್ಸೆಲ್ ವಾದಿ ಅದಾಯ್‌ಗೆ ಮುಟ್ಟಿಸಿದೆ.”

ತೃಷಾ ಅಪ್ಪನನ್ನು ನೋಡಲೂ ಇಲ್ಲ. ನಾಝಿಯಾಳ ಕೊಡೆಯಡಿ ಹೋಗಿ ನಿಂತು, “ಆದಿಯೋಸ್, ಪಪ್ಪಾ” ಎಂದಳು. ಅದು ವಿದಾಯ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಕಾರು ಸ್ಟಾರ್ಟ್ ಮಾಡುತ್ತಿದ್ದಂತೆ ಯಾರೋ ಗಾಜು ತಟ್ಟಿದರು. ಗೇಟಿನೆದುರು ಕಾಯುತ್ತಿದ್ದ ಅಮ್ಮಂದಿರಲ್ಲಿ ಒಬ್ಬಳು, ಸುಹೈಲಾ ಎಂಬ ಹೆಂಗಸು. ಅವಳ ಗಂಡನ ಹೆಗಲ ಮೇಲೆ ಎಳನೀರಿನ ದೊಡ್ಡ ಗೊನೆ.

“ಅಣ್ಣಾ, ನೀವು ಮಸ್ಕತ್ತಿಗೆ ಹೇಗೂ ಹೋಗ್ತೀರಲ್ಲ?”

ದೂಮಪ್ಪ ಇಳಿದು ಡಿಕ್ಕಿ ತೆರೆದ.