ತೂಕದ ಮನುಷ್ಯನ ಸೂಟ್‌ಕೇಸ್

ಹತ್ತೊಂಬತ್ತು ವರ್ಷದ ಸರ್ವಿಸ್ಸಿನಲ್ಲಿ ನಾನು ಹನ್ನೊಂದು ಬ್ಯಾಗುಗಳನ್ನು ಕಳೆದುಕೊಂಡಿದ್ದೇನೆ. ಕಳ್ಳರ ಪಾಲಾದವು ಎಂದುಕೊಳ್ಳಬೇಡಿ. ನನ್ನ ಬ್ಯಾಗನ್ನು ಕದಿಯಲು ಬಂದ ಕಳ್ಳ ಅದನ್ನು ಎತ್ತಿ ನೋಡಿ, ಸೊಂಟ ಹಿಡಿದುಕೊಂಡು, ಅಲ್ಲೇ ಬಿಟ್ಟು ಹೋಗುತ್ತಾನೆ. (ಬಸ್ ನಿಲ್ದಾಣದಲ್ಲಿ ಒಮ್ಮೆ ನಿಜವಾಗಿಯೂ ಹಾಗಾಯಿತು. ಪಾಪ, ಅವನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟವನು ನಾನೇ.) ಅವೆಲ್ಲ ತಾವಾಗಿಯೇ ಪ್ರಾಣ ಬಿಟ್ಟ ಬ್ಯಾಗುಗಳು. ಒಂದರ ತಳ ಕಳಚಿತು, ಇನ್ನೊಂದರ ಹಿಡಿ ಕಿತ್ತಿತು, ಮತ್ತೊಂದರ ಜಿಪ್ಪು ಬಾಯಿ ಬಿಟ್ಟದ್ದು ಮತ್ತೆ ಮುಚ್ಚಲೇ ಇಲ್ಲ.

ಕಾರಣ, ನನ್ನ ಉದ್ಯೋಗ. ಊರೂರು ಸುತ್ತಿ ಕಾರ್ಖಾನೆಗಳ ತೂಕದ ಯಂತ್ರಗಳನ್ನು ಪರೀಕ್ಷಿಸಿ ರಿಪೇರಿ ಮಾಡುವವನು ನಾನು. ಯಂತ್ರ ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ನೋಡಲು ಹಿತ್ತಾಳೆಯ ತೂಕದ ಬಟ್ಟುಗಳು ಬೇಕು. ಚಿಕ್ಕದು ದೊಡ್ಡದು ಸೇರಿ ಒಟ್ಟು ಹದಿನಾರು ಕಿಲೋ. ತಿಂಗಳಲ್ಲಿ ಹದಿನೈದು ದಿನ ಈ ಹದಿನಾರು ಕಿಲೋ ಹಿತ್ತಾಳೆ, ಎರಡು ಅಂಗಿ ಮತ್ತು ಒಂದು ಟವೆಲಿನ ಸಮೇತ ನನ್ನ ದಿಗ್ವಿಜಯ ಯಾತ್ರೆ ನಡೆಯುತ್ತದೆ.

ಹನ್ನೊಂದನೆಯ ಬ್ಯಾಗು ರೈಲು ನಿಲ್ದಾಣದ ಮೆಟ್ಟಿಲ ಮೇಲೆ ತೀರಿಕೊಂಡಿತು. ಐದು ಕಿಲೋದ ಬಟ್ಟು ಒಂದೊಂದೇ ಮೆಟ್ಟಿಲಿಗೆ ಠಣ್ ಠಣ್ ಎಂದು ನಮಸ್ಕಾರ ಮಾಡುತ್ತ ಇಳಿದರೆ, ಅದರ ಹಿಂದೆ ನಾನು, ನನ್ನ ಹಿಂದೆ ನನ್ನ ಬನಿಯನ್ನು. ಅವತ್ತೇ ಪ್ರತಿಜ್ಞೆ ಮಾಡಿದೆ: ಇನ್ನು ಕೊಂಡರೆ ಗಟ್ಟಿಯೂ ಇರಬೇಕು, ನಾಲ್ಕು ಜನ ತಿರುಗಿ ನೋಡುವ ಹಾಗೆಯೂ ಇರಬೇಕು.

ನನ್ನವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಾಳೆ. ವಿಷಯ ಕೇಳಿದವಳೇ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಅದಕ್ಕೆ ಇಷ್ಟೊಂದು ಯೋಚನೆ ಯಾಕ್ರೀ? ದಪ್ಪ ಕ್ಯಾನ್ವಾಸು ತಂದ್ಕೊಡಿ. ಎರಡೆರಡು ಹೊಲಿಗೆ ಹಾಕಿ, ತಳದ ಕೆಳಗಿಂದಾನೇ ಪಟ್ಟಿ ಎಳೆದು ಒಂದು ಬ್ಯಾಗು ಹೊಲಿದ್ಕೊಡ್ತೀನಿ" ಎಂದಳು.

"ಸೀನಿಯರ್ ಟೆಕ್ನೀಷಿಯನ್ ಕಣೇ ನಾನು! ಮೂಟೆ ಹೊತ್ಕೊಂಡು ಹೋಗ್ಲಾ?"

"ಈಗೇನು ಹೊತ್ಕೊಂಡು ಹೋಗ್ತಿರೋದು, ವೀಣೆನಾ?"

ಅವಳೊಡನೆ ಮಾತಾಡುವಾಗ ನನಗೆ ಉತ್ತರ ಹೊಳೆಯುವುದು ಸಾಮಾನ್ಯವಾಗಿ ಮೂರು ದಿನ ಬಿಟ್ಟು, ಬಸ್ಸಿನಲ್ಲಿ.

ಮುಂದಿನ ಒಂದು ತಿಂಗಳು ನಾನು ಪೆಟ್ಟಿಗೆ ಶಾಸ್ತ್ರದ ಘೋರ ಅಧ್ಯಯನ ನಡೆಸಿದೆ. ಪ್ಲಾಟ್‌ಫಾರ್ಮುಗಳಲ್ಲಿ ಅಪರಿಚಿತರ ಚಕ್ರಗಳನ್ನು ಬಗ್ಗಿ ನೋಡಿ ಅವರಿಂದ ಗುರ್ರೆನ್ನಿಸಿಕೊಂಡೆ. ಕೊನೆಗೆ ಒಂದು ಭಾನುವಾರ ಮಡದಿಯನ್ನು ಕರೆದುಕೊಂಡು ಅಂಗಡಿಗೆ ಹೋದೆ.

ಅಲ್ಲಿ ಅದು ನಿಂತಿತ್ತು. ದ್ರಾಕ್ಷಿ ಬಣ್ಣ, ಕನ್ನಡಿಯಂಥ ಮೈ, ನಾಲ್ಕು ಚಕ್ರ, ಬಂಗಾರದ ಬಣ್ಣದ ಬೀಗ. ಅದರಲ್ಲಿ ನನ್ನ ಮುಖ ಕೂಡ ಸ್ವಲ್ಪ ಲಕ್ಷಣವಾಗಿ ಕಂಡಿತು.

"ಗಟ್ಟಿ ಇದೆಯೇನ್ರೀ?" ಎಂದೆ.

"ಹತ್ತು ವರ್ಷ ಗ್ಯಾರಂಟಿ ಸಾರ್. ಬೇಕಾದ್ರೆ ಮೇಲೆ ಹತ್ತಿ ನಿಂತ್ಕೊಳ್ಳಿ" ಎಂದ ಅಂಗಡಿಯವನು.

ಹತ್ತಿ ನಿಂತೆ. ಪೆಟ್ಟಿಗೆಗೆ ಏನೂ ಆಗಲಿಲ್ಲ, ಆದರೆ ಅದರ ನಾಲ್ಕು ಚಕ್ರಗಳಿಗೆ ಸ್ವಂತ ವಿಚಾರಗಳಿದ್ದವು. ಕಣ್ಣು ಮಿಟುಕಿಸುವುದರೊಳಗೆ ನಾನು ಲೇಡೀಸ್ ಹ್ಯಾಂಡ್‌ಬ್ಯಾಗುಗಳ ರಾಶಿಯ ಮೇಲೆ ಆಸೀನನಾಗಿದ್ದೆ.

"ನೋಡಿದ್ರಾ ಸಾರ್, ಎಷ್ಟು ಸ್ಮೂತಾಗಿ ಓಡುತ್ತೆ!" ಎಂದ ಅವನು.

ಇತ್ತ ನನ್ನವಳು ಪೆಟ್ಟಿಗೆಯ ಒಳಗೆ ಕೈ ಹಾಕಿ ತಡಕುತ್ತಿದ್ದಳು. "ಒಂಟಿ ಹೊಲಿಗೆ. ಈ ಹಿಡಿಗೆ ಇರೋದು ಎರಡೇ ಎರಡು ಮೊಳೆ. ಹೊರಗೆ ಮಾತ್ರ ಥಳಕು. ಬೇಡಾರೀ" ಎಂದಳು.

"ನೀನು ರವಿಕೆ ನೋಡೋ ಹಾಗೆ ಸೂಟ್‌ಕೇಸ್ ನೋಡಬೇಡ" ಎಂದು ಬಾಯಿ ಮುಚ್ಚಿಸಿ, ಕೊಂಡೇಬಿಟ್ಟೆ. (ಮುಚ್ಚಿದ ಆ ಬಾಯಿ ಎರಡು ದಿನ ತೆರೆಯಲಿಲ್ಲ. ಊಟಕ್ಕೆ ಕರೆಯಲು ಕೂಡ.)

ಹೊಸ ಪೆಟ್ಟಿಗೆಯ ಮೊದಲ ಪ್ರವಾಸ ದೂರದ ಒಂದು ಬಿಸ್ಕತ್ತು ಕಾರ್ಖಾನೆಗೆ. ಅಲ್ಲಿನ ಕೆಲಸ ನನ್ನ ಪಾಲಿಗೆ ಬಂದು ಒಂದು ವರ್ಷವಾಗಿತ್ತು. ಆದರೆ ದಾರಿ ದೂರ ಎಂದು ನಾನು ಹೋದದ್ದು ಒಂದೇ ಸಲ, ಅದೂ ರಾತ್ರಿ ಪಾಳಿಯಲ್ಲಿ. ನನ್ನ ಮುಖದ ಪರಿಚಯ ಅಲ್ಲಿ ಯಾರಿಗೂ ಇರಲಿಲ್ಲ.

ಗೇಟಿನ ಕಾವಲುಗಾರ ನನ್ನನ್ನು ನೋಡಲಿಲ್ಲ, ಸೂಟ್‌ಕೇಸನ್ನು ನೋಡಿದ. ನೋಡಿ, ಸೆಲ್ಯೂಟ್ ಹೊಡೆದ! ಹತ್ತೊಂಬತ್ತು ವರ್ಷದಲ್ಲಿ ಮೊದಲ ಸೆಲ್ಯೂಟು. ಅದರ ಸುಖದಿಂದ ಚೇತರಿಸಿಕೊಳ್ಳುವ ಮೊದಲೇ ಮ್ಯಾನೇಜರು ಓಡೋಡಿ ಬಂದು ಕೈ ಮುಗಿದರು. "ಬನ್ನಿ ಸಾರ್, ಬನ್ನಿ! ಹೆಡ್ ಆಫೀಸಿಂದ ನಿನ್ನೆನೇ ಹೇಳಿದ್ರು."

"ನಾನು ತೂಕದ..." ಎಂದು ಶುರುಮಾಡಿದೆ.

"ಗೊತ್ತು ಸಾರ್! ತಾವು ತುಂಬಾ ತೂಕದ ಮನುಷ್ಯರು ಅಂತ ಎಲ್ಲರೂ ಹೇಳ್ತಾರೆ!"

ಮೀಟಿಂಗ್ ರೂಮಿನ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ತಣ್ಣಗಿನ ಗಾಳಿ ಬಿಟ್ಟು, ಏಳು ಬಗೆಯ ಬಿಸ್ಕತ್ತು ಮುಂದಿಟ್ಟ ಮೇಲೆ ನನಗೆ ವಿಷಯ ತಿಳಿಯಿತು. ಹೆಡ್ ಆಫೀಸಿನ ಹೊಸ ಡೈರೆಕ್ಟರು ಅವತ್ತೇ ಮೊದಲ ಬಾರಿಗೆ ಭೇಟಿ ಕೊಡುವವರಿದ್ದರು. ನನ್ನ ಸೂಟ್‌ಕೇಸು ನನ್ನನ್ನು ಡೈರೆಕ್ಟರ್ ಮಾಡಿಬಿಟ್ಟಿತ್ತು. ಆಗಲೇ ಎದ್ದು ನಿಂತು ನಿಜ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಬಾಯಿ ತುಂಬ ಬಿಸ್ಕತ್ತಿತ್ತು. ನುಂಗುವಷ್ಟರಲ್ಲಿ ಮ್ಯಾನೇಜರು ಮಾತು ಶುರುಮಾಡಿದ್ದರು.

"ನಮ್ಮ ದೊಡ್ಡ ಸಮಸ್ಯೆ ಅಂದ್ರೆ ತೂಕದ ಯಂತ್ರ ಸಾರ್. ಪ್ಯಾಕೆಟ್ಟಿಗೆ ಎರಡು ಬಿಸ್ಕತ್ತು ಜಾಸ್ತಿ ಹೋಗ್ತಿದೆ. ರಿಪೇರಿಯವನು ಒಬ್ಬ ಇದಾನೆ, ಪರಮ ಸೋಮಾರಿ. ಮೂರು ತಿಂಗಳಿಂದ ಫೋನ್ ಮಾಡಿದ್ರೆ ನಾಳೆ ಬರ್ತೀನಿ ಅಂತಾನೆ."

ಕೈಯಲ್ಲಿದ್ದ ಬಿಸ್ಕತ್ತನ್ನು ಮೆಲ್ಲಗೆ ತಟ್ಟೆಗೆ ವಾಪಸ್ಸಿಟ್ಟೆ. "ಪಾಪ, ಅವನಿಗೂ ಏನು ಕಷ್ಟವೋ" ಎಂದೆ.

"ಎಂಥ ಕಷ್ಟ ಸಾರ್? ಇವತ್ತೇ ಅವನ ಕಂಪನಿಗೆ ಪತ್ರ ಬರೆದು ಕಾಂಟ್ರಾಕ್ಟ್ ಕಿತ್ತುಹಾಕ್ತೀನಿ. ತಾವು ಹೂಂ ಅಂದ್ರೆ ಸಾಕು."

ಈ ಕಾಂಟ್ರಾಕ್ಟು ಹೋದರೆ ನನ್ನ ಕೆಲಸವೂ ಅದರ ಹಿಂದೆಯೇ ಹೊರಡುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಪ್ಪಿಸಲೇಬೇಕು, ಆದರೆ ಆ ರಿಪೇರಿಯವನ ಪರ ಮಾತಾಡಿದರೆ ಅನುಮಾನ ಬರುತ್ತದೆ. ಬೆನ್ನು ನೆಟ್ಟಗೆ ಮಾಡಿ, ದನಿಯನ್ನು ಒಂದು ಮೆಟ್ಟಿಲು ಇಳಿಸಿ ಹೇಳಿದೆ: "ಕಿತ್ತುಹಾಕೋದು ಸುಲಭ. ಹೊಸಬ ಇನ್ನೂ ಸೋಮಾರಿ ಆಗಿದ್ರೆ? ಇವನನ್ನೇ ಬಿಗಿ ಮಾಡಿ."

"ಹೇಗೆ ಸಾರ್?" ಮ್ಯಾನೇಜರು ಪೆನ್ನು ತೆಗೆದರು.

ಅಧಿಕಾರ ಎಂಬುದು ವಿಚಿತ್ರ ವಸ್ತು ನೋಡಿ. ಅರ್ಧ ಗಂಟೆ ಆ ಕುರ್ಚಿಯಲ್ಲಿ ಕೂತದ್ದಕ್ಕೇ ಆ ರಿಪೇರಿಯವನ ಮೇಲೆ ನನಗೇ ಸಿಟ್ಟು ಬರತೊಡಗಿತ್ತು. "ಮೂರು ತಿಂಗಳಿಗೊಮ್ಮೆ ಅಲ್ಲ, ಪ್ರತಿ ಸೋಮವಾರ ಬರಲಿ. ಬೆಳಿಗ್ಗೆ ಏಳಕ್ಕೆ ಗೇಟಲ್ಲಿ ಸಹಿ ಮಾಡಲಿ. ಇಂಥವರು ಯಂತ್ರ ಬಿಚ್ಚಿಟ್ಟು ನಿದ್ದೆ ಹೊಡೀತಾರೆ, ಪಕ್ಕದಲ್ಲಿ ಒಬ್ಬರನ್ನ ನಿಲ್ಲಿಸಿ. ಕೂರೋಕೆ ಕುರ್ಚಿ ಕೊಡಬೇಡಿ. ಬಸ್ಸು ಕೆಟ್ಟುಹೋಯ್ತು ಅಂತಾನೆ, ನಂಬಬೇಡಿ."

"ಆಹಾ! ಅವನನ್ನ ಕಣ್ಣಾರೆ ಕಂಡ ಹಾಗೆ ಹೇಳ್ತಿದೀರಿ ಸಾರ್!" ಎನ್ನುತ್ತ ಮ್ಯಾನೇಜರು ಎಲ್ಲವನ್ನೂ ಬರೆದುಕೊಂಡರು.

ಆಗ ಬಾಗಿಲು ತೆರೆಯಿತು. ಐವತ್ತು ದಾಟಿದ ಒಬ್ಬ ಹೆಂಗಸು, ಹೆಗಲಲ್ಲಿ ಮಾಸಲು ಬಟ್ಟೆ ಚೀಲ, ಕೈಯಲ್ಲಿ ಕೊಡೆ. "ನಿಮ್ಮ ತೂಕದ ಯಂತ್ರ ಎಲ್ಲಿದೆ? ಮೊದಲು ಅದನ್ನ ನೋಡಬೇಕು" ಎಂದರು.

ಮ್ಯಾನೇಜರ ಮುಖ ಕೆಂಪಾಯಿತು. "ಓಹೋ, ಆ ರಿಪೇರಿಯವನು ತಾನು ಬರದೆ ನಿಮ್ಮನ್ನ ಕಳಿಸಿದ್ನಾ? ಮೂರು ತಿಂಗಳಾದ್ಮೇಲೆ? ಹೊರಗೆ ಬೆಂಚಿನ ಮೇಲೆ ಕೂತ್ಕೊಳ್ಳಮ್ಮಾ, ಡೈರೆಕ್ಟರ್ ಸಾಹೇಬರು ಮಾತಾಡ್ತಿದಾರೆ!"

"ಹೌದಾ?" ಎಂದು ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಡೈರೆಕ್ಟರು ನಾನೇ ಅಂತ ತಿಳ್ಕೊಂಡಿದ್ದೆ." ಚೀಲದಿಂದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

ಮ್ಯಾನೇಜರು ಚೀಟಿ ನೋಡಿದರು, ಆಕೆಯನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು. "ಹಾಗಾದ್ರೆ... ತಾವು?"

ಇಂಥ ಹೊತ್ತಿನಲ್ಲಿ ಗಂಭೀರವಾಗಿ ನಿರ್ಗಮಿಸುವುದೇ ಲೇಸು. ಎದ್ದೆ. ಸೂಟ್‌ಕೇಸ್ ಎತ್ತಿದೆ. ಹಿಡಿ ನನ್ನ ಕೈಯಲ್ಲೇ ಉಳಿಯಿತು, ಪೆಟ್ಟಿಗೆ ನೆಲಕ್ಕೆ ಬಿತ್ತು. ಬಂಗಾರದ ಬೀಗ ಟಪ್ಪೆಂದು ಹಾರಿ, ಹದಿನಾರು ಕಿಲೋ ಹಿತ್ತಾಳೆ ಕೋಣೆ ತುಂಬ ಉರುಳಾಡಿತು. ಐದು ಕಿಲೋದ ಬಟ್ಟೊಂದು ಸೀದಾ ಹೋಗಿ ಡೈರೆಕ್ಟರ ಕಾಲ ಬಳಿ ನಿಂತು ನನ್ನ ಪರಿಚಯ ಮಾಡಿಕೊಟ್ಟಿತು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಟ್ಟನ್ನು ಎತ್ತಿ ನನ್ನ ಕೈಗಿಟ್ಟು, "ನಡೀರಿ, ಯಂತ್ರ ನೋಡೋಣ" ಎಂದರು. ನಾಲ್ಕು ಗಂಟೆ ನಿಂತೇ ಕೆಲಸ ಮಾಡಿದೆ. ಪ್ಯಾಕೆಟ್ಟಿನಲ್ಲಿ ಹೆಚ್ಚಾಗಿ ಹೋಗುತ್ತಿದ್ದ ಎರಡು ಬಿಸ್ಕತ್ತು ನಿಂತವು. ಅಷ್ಟರಲ್ಲಿ ಮ್ಯಾನೇಜರು ಬರೆದುಕೊಂಡಿದ್ದನ್ನು ಡೈರೆಕ್ಟರು ಓದಿ ಮುಗಿಸಿದ್ದರು.

"ಕಾಂಟ್ರಾಕ್ಟ್ ಇರಲಿ. ಈ ಸಲಹೆಗಳೆಲ್ಲ ಬಹಳ ಚೆನ್ನಾಗಿವೆ, ಒಂದೂ ಬಿಡದೆ ಸೇರಿಸಿ" ಎಂದು ಸಹಿ ಹಾಕಿದರು.

ಮುರಿದ ಪೆಟ್ಟಿಗೆಗೆ ಹಗ್ಗ ಬಿಗಿದು ಮನೆ ಸೇರಿದೆ. ಹೆಂಡತಿ ಹಗ್ಗ ನೋಡಿದಳು, ಕಿತ್ತ ಹಿಡಿಯನ್ನು ಎತ್ತಿ ಅದರ ಎರಡು ಮೊಳೆಗಳನ್ನು ಬೆರಳಿನಿಂದ ಎಣಿಸಿದಳು. ಕಾರ್ಖಾನೆಯಲ್ಲಿ ನಡೆದ ಕಥೆಯನ್ನು ನಾನು ಅವಳಿಗೆ ಹೇಳಲಿಲ್ಲ.

ವಾರದ ನಂತರ ಹೊಸ ಕರಾರಿನ ಪ್ರತಿ ಮನೆಗೆ ಬಂತು. ನಾನು ಸ್ನಾನದಲ್ಲಿದ್ದೆ. ಹೊರಬರುವಷ್ಟರಲ್ಲಿ ಅವಳು ಅದನ್ನು ಎರಡನೆಯ ಸಲ ಓದುತ್ತಿದ್ದಳು.

"ಪ್ರತಿ ಸೋಮವಾರ ಏಳು ಗಂಟೆಗೆ... ಕುರ್ಚಿ ಕೊಡತಕ್ಕದ್ದಲ್ಲ... ಬಸ್ಸು ಕೆಟ್ಟಿತೆಂಬ ನೆಪ ಒಪ್ಪತಕ್ಕದ್ದಲ್ಲ..." ಅವಳ ಮುಖ ಅರಳುತ್ತ ಹೋಯಿತು. "ರೀ, ಇದನ್ನ ಬರೆಸಿದೋರು ಯಾರೋ ಭಾರೀ ಬುದ್ಧಿವಂತರು ಕಣ್ರೀ! ನಿಮ್ಮನ್ನ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದಾರೆ! ಇಂಥೋರು ಒಬ್ಬರು ನಮ್ಮನೇಲಿ ಇದ್ದಿದ್ರೆ!"

ಮದುವೆಯಾದಂದಿನಿಂದ ಅವಳು ನನ್ನನ್ನು ಮನಸಾರೆ ಹೊಗಳಿದ್ದು ಅದೊಂದೇ ಸಲ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ತಲೆ ಒರೆಸುತ್ತ ನಿಂತೆ.