ನೀಲಾಂಬಿಕೆಯ ಮೂಗುಪಾಠ ಯಂತ್ರ

ಅಂದು ಬೆಳಿಗ್ಗೆ ಧಾರವಾಡದಲ್ಲಿ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ನಮ್ಮ ಓಣಿಯ ಹಾಲಿನವ ತನ್ನ ಎಮ್ಮೆಯೆಂದು ತಿಳಿದು ಪೋಸ್ಟ್ ಡಬ್ಬಿಯ ಬೆನ್ನು ಸವರಿ ಮುಂದೆ ಹೋದ. ಗಾಳಿ ಅಲುಗುತ್ತಿರಲಿಲ್ಲ. ಒಲೆಯ ಹೊಗೆ ಕೂಡ ಮೇಲೇರಲು ಮನಸ್ಸಿಲ್ಲದೆ ಹೊಸ್ತಿಲಲ್ಲೇ ಕೂತಿತ್ತು.

ನಾನು ಪೂಜೆಗೆ ಕೂರುವ ಮೊದಲೇ ಮೈದುನನ ಮಗಳು ನೀಲಾಂಬಿಕೆ ಪಡಸಾಲೆಗೆ ಕರೆದಳು. ನಡುವೆ ಅವಳ ಹೊಸ ಯಂತ್ರ ಕೂತಿತ್ತು: ಇಪ್ಪತ್ತು ಖಾನೆಯ ಡಬ್ಬಿ, ಹಳೆಯ ಮಿಕ್ಸರಿನ ಮೋಟಾರು, ತಾಮ್ರದ ಸುರುಳಿ, ಮೇಲೆ ನನ್ನದೇ ಲೋಬಾನದ ಪಾತ್ರೆ.

ಅವಳು ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಜೀವರಸಾಯನಶಾಸ್ತ್ರ ಓದುತ್ತಿದ್ದಳು. ನಮ್ಮ ಮೈಯ ಪ್ರೋಟೀನುಗಳೆಲ್ಲ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಯಂತೆ ಪೋಣಿಸಿ ಆದವಂತೆ. ಆ ಇಪ್ಪತ್ತರ ಹೆಸರು, ಗುಣ ಹೇಳಲಾರದೆ ಅವಳು ಮೌಖಿಕ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಪ್ರೊಫೆಸರ್ ಹಂಚಿನಾಳರು ಹಾಲ್ ಟಿಕೆಟ್ ತಡೆಹಿಡಿದಿದ್ದರು. ಅಂದು ಹನ್ನೊಂದಕ್ಕೆ ಕೊನೆಯ ಅವಕಾಶ. ತಪ್ಪಿದರೆ ಒಂದು ವರ್ಷ ಹೋದಂತೆಯೇ.

"ದೊಡ್ಡವ್ವ, ಬಾಯಿಪಾಠ ನನಗ ಹತ್ತೂದಿಲ್ಲ. ಅದಕ್ಕ ಇದು ಮೂಗುಪಾಠ. ವಾಸನಿ ಒಳಗ ಹೋತಂದ್ರ ಹೆಸರು ತಲ್ಯಾಗ ಅಚ್ಚಾಗತೈತಿ. ಮೂಗು ಮುಂದ ಮಾಡ್ರಿ."

ಗುಂಡಿ ಒತ್ತಿದಳು. ಇಂಗಿನ ಘಾಟು ಬಂತು. ನೆತ್ತಿಯೊಳಗೆ ಇರುವೆ ಹರಿದಂತಾಯಿತು.

"ಸಿಸ್ಟೀನ್," ಎಂದೆ ನಾನು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು!

ಅವಳ ಮುಖ ಅರಳಿತು. ಆದರೆ ಅವಳದೇ ಮೂಗು ನೆಗಡಿಯಿಂದ ಕಟ್ಟಿತ್ತು. "ನನಗೇನೂ ಬಡೀವಲ್ದು," ಎಂದು ಜೋರು ಹೆಚ್ಚಿಸಿದಳು. ಇನ್ನೂ ಹೆಚ್ಚಿಸಿದಳು. ಗುಂಡಿ ಕಿತ್ತು ಕೈಗೆ ಬಂತು. ಯಂತ್ರ ಇಪ್ಪತ್ತೂ ವಾಸನೆಗಳನ್ನು ಒಂದರ ಹಿಂದೊಂದು ಕಿಟಕಿಯಿಂದ ಓಣಿಗೆ ಉಗುಳತೊಡಗಿತು. ಮಂಜು ಒಂದನ್ನೂ ಮೇಲೆ ಹೋಗಗೊಡಲಿಲ್ಲ. ನಾನು ವೈರು ಎಳೆದು ಹಾಕುವಷ್ಟರಲ್ಲಿ ಓಣಿಯೆಲ್ಲ ಉಸಿರೆಳೆದಾಗಿತ್ತು.

ಆದದ್ದಾಯಿತೆಂದು ಪೂಜೆಗೆ ಕೂತೆ. ಲಿಂಗಕ್ಕೆ ಜಾಜಿ ಏರಿಸಿ ಕಣ್ಣು ಮುಚ್ಚಿದರೆ, ಪಂಚಾಕ್ಷರಿಯ ಬದಲು ಬಾಯಿಂದ "ಟ್ರಿಪ್ಟೊಫಾನ್" ಎಂದು ಬಂತು. ತಪ್ಪಾಯಿತು ತಂದೆ, ಎಂದುಕೊಂಡೆ. ಅದನ್ನೂ ಮಾಡಿದವನು ನೀನೇ ಅಲ್ಲವೇ ಎಂದು ಸಮಾಧಾನವಾಗಿ ಇನ್ನೊಂದು ಹೂ ಏರಿಸಿದೆ. ಮತ್ತೆ ಟ್ರಿಪ್ಟೊಫಾನ್.

ಎದುರು ಮನೆಯ ಕಾಶವ್ವ ಬಂದಳು. ಜೋಳದ ರೊಟ್ಟಿ ಮಾಡಿ ಮಾರುವವಳು.

"ಯಕ್ಕಾ, ರೊಟ್ಟಿ ಉಬ್ಬಿದಾಗೊಮ್ಮೆ ನನ್ನ ಬಾಯಾಗ ಪ್ರೋಲಿನ್ ಅಂತ ಬರಾಕತ್ತೈತಿ. ಯಾರಂವ ಪ್ರೋಲಿನ್ ಅಂತ ನಮ್ಮ ಮನ್ಯಾವ್ರು ಗಂಟುಬಿದ್ದಾರ."

"ನೀ ಏನಂದಿ?"

"ನಾ ಏನನ್ನಲಿ? ಅವರೂ ಬೆಲ್ಲದ ಚಾ ಕುಡದು ಗ್ಲೈಸಿನ್ ಅಂದ್ರು. ಅಕಿ ಯಾರು ಹೇಳ್ರಿ ಅಂತ ನಾನೂ ಕೇಳೀನಿ."

ಅಷ್ಟರಲ್ಲಿ ಮಂಜಿನಲ್ಲಿ ದಾರಿ ತಪ್ಪಿದ ಸ್ಕೂಟರೊಂದು ಕಾಶವ್ವನ ಕಟ್ಟೆಗೆ ತಾಗಿ ನಿಂತಿತು. ಓಣಿಯಲ್ಲಿನ್ನೂ ನಿಂತಿದ್ದ ವಾಸನೆಗಳು ಅವರ ಮೂಗಿಗೂ ಹೊಕ್ಕಿರಬೇಕು. ಸವಾರರು ರೊಟ್ಟಿಯ ಒಲೆಯ ಕಡೆ ತಿರುಗಿ, "ಪ್ರೋಲಿನ್," ಎಂದರು.

"ಬಂದ ನೋಡ್ರಿ ಅಂವ!" ಎಂದು ಕಾಶವ್ವನ ಗಂಡ ಹೊರಗೆ ಜಿಗಿದ.

ಸವಾರರು ಹೌಹಾರಿ ಮಫ್ಲರನ್ನು ಮೂಗಿಗೆ ಬಿಗಿದುಕೊಂಡರು. ನೀಲಾ ನನ್ನ ಸೆರಗು ಜಗ್ಗಿದಳು. "ದೊಡ್ಡವ್ವ, ಹಂಚಿನಾಳ ಸರ್."

ಅವಳು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡಳು. ಅವರು ಕೇಳಿ, ನಮ್ಮ ಪಡಸಾಲೆಗೆ ಬಂದು ಡಬ್ಬಿಯ ಮುಂದೆ ಕೂತರು.

"ಓಣಿಗೆಲ್ಲ ಹೆಸರು ಬರತಾವು. ನಿನಗ?"

"ನನಗ ನೆಗಡಿ, ಸರ್."

"ಹನ್ನೊಂದರ ತನಕ ಯಾಕ? ಈಗಲೇ ಹೇಳು."

ಕಾಶವ್ವ ಬಾಯಿ ತೆರೆದಳು. "ನೀವು ಸುಮ್ನಿರ್ರಿ, ಓಣಿಗೆ ಅಡ್ಮಿಶನ್ ಆಗಿಲ್ಲ," ಎಂದರು ಪ್ರೊಫೆಸರ್.

ನೀಲಾ ಮೂಗು ಒರೆಸಿಕೊಂಡಳು. ನಾನು ಒಳಗೊಳಗೇ ಶಿವನನ್ನು ಕರೆದೆ. ಹಂಚಿನಾಳರು ಒಂದು ಖಾನೆಗೆ ಬೆರಳಿಟ್ಟರು. "ಸಿಸ್ಟೀನಿಗೆ ಇಂಗು ಯಾಕ ಇಟ್ಟಿ?"

"ಎರಡರಾಗೂ ಗಂಧಕ ಐತ್ರಿ."

"ಟ್ರಿಪ್ಟೊಫಾನಿಗೆ ಜಾಜಿ?"

"ಜಾಜಿ ಕಂಪಿನಾಗ ಇಂಡೋಲ್ ಅನ್ನೂ ಜೋಡಿ ಉಂಗುರದ ಅಣು ಐತಿ, ಸರ್. ಅದ ಉಂಗುರ ಟ್ರಿಪ್ಟೊಫಾನಿನ ಬಾಲಕ್ಕೂ ಐತಿ. ಗ್ಲುಟಾಮಿಕ್ ಆಮ್ಲಕ್ಕ ಟೊಮೇಟೊ, ಯಾಕಂದ್ರ ಅದರಾಗ ಅದು ಭಾಳ. ಹಿಟ್ಟಿನಾಗ ಪ್ರೋಲಿನ್ ಇದ್ರ ಸುಟ್ಟಾಗ ಆ ಪರಿಮಳ ಹುಟ್ಟತೈತಿ, ಅದಕ್ಕ ರೊಟ್ಟಿ..."

ನಿಲ್ಲಲೇ ಇಲ್ಲ ಹುಡುಗಿ. ಖಾನೆಗೊಂದು ಕಾರಣ ಹುಡುಕುತ್ತ ಎರಡು ತಿಂಗಳು ಕೂತಿದ್ದಳಲ್ಲ, ತಾನು ಓದುತ್ತಿದ್ದೇನೆಂಬುದೇ ಅವಳಿಗೆ ಗೊತ್ತಾಗಿರಲಿಲ್ಲ. ಇಪ್ಪತ್ತನೆಯದು ಮುಗಿದಾಗ ಒಮ್ಮೆ ಸೀನಿದಳು. ನಾನು ಅವಳ ನೆತ್ತಿ ಸವರಿದೆ. ಯಂತ್ರ ಜಗತ್ತಿಗೆಲ್ಲ ಕಲಿಸಿತ್ತು, ಮಾಡಿದವಳೊಬ್ಬಳನ್ನು ಬಿಟ್ಟು. ಅವಳಿಗೆ ಅದರ ಗರಜೇ ಇರಲಿಲ್ಲ.

ಹಂಚಿನಾಳರು ಏನೋ ಹರಸಲು ಮಫ್ಲರ್ ಸಡಿಲಿಸಿದರು. ಅಷ್ಟರಲ್ಲಿ ಕಾಶವ್ವ ಒಲೆಗೆ ಮರಳಿದ್ದಳು; ಎದುರುಗಡೆಯಿಂದ ರೊಟ್ಟಿ ಉಬ್ಬುವ ಪರಿಮಳ ಬಂತು. ಅವಳ ಗಂಡ ನಮ್ಮ ಬಾಗಿಲಲ್ಲೇ ನಿಂತಿದ್ದ. ಅವರು ಮಫ್ಲರನ್ನು ಮತ್ತೆ ಬಿಗಿದುಕೊಂಡು, ಚೀಲದಿಂದ ಹಾಲ್ ಟಿಕೆಟ್ ತೆಗೆದು, ಸದ್ದಿಲ್ಲದೆ ಅವಳ ಕೈಯಲ್ಲಿಟ್ಟರು.