ಕಾರಿನೊಳಗೆ ಕೂತ ಅತ್ತೆ

ಕೆಲವು ಇಷ್ಟಗಳನ್ನು ಹೇಳಿಕೊಳ್ಳುವುದಕ್ಕೆ ಒಂದು ವಯಸ್ಸಿರುತ್ತದೆ. ಅದು ದಾಟಿದ ಮೇಲೆ ಬಾಯಿ ಬಿಟ್ಟರೆ ಜನ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡುತ್ತಾರೆ. ಕಾಲೇಜು ಹುಡುಗನೊಬ್ಬ ಹೆವಿ ಮೆಟಲ್ ಕೇಳುತ್ತೇನೆ ಎಂದರೆ ವಯಸ್ಸು, ಬಿಡಿ ಎನ್ನುತ್ತಾರೆ. ಬಸವೇಶ್ವರನಗರದಲ್ಲಿ ವಾಸವಾಗಿರುವ, ವಿಮಾ ಕಚೇರಿಗೆ ಟಿಫಿನ್ ಡಬ್ಬಿ ಹಿಡಿದು ಹೋಗುವ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ, ಮೊನ್ನೆ ಮೊನ್ನೆ ಮಗನ ಮದುವೆ ಮಾಡಿ ಅತ್ತೆಯಾಗಿ ಬಡ್ತಿ ಪಡೆದ ನನ್ನಂಥವಳು ಹಾಗೆಂದರೆ ಏನೆನ್ನಬೇಕೆಂದು ಯಾರಿಗೂ ತೋಚುವುದಿಲ್ಲ. ಆದ್ದರಿಂದ ನಾನು ಹೇಳಿಯೇ ಇರಲಿಲ್ಲ. ಆ ಹೇಳದೆ ಇದ್ದದ್ದಕ್ಕೆ ದಂಡ ತೆತ್ತವಳು ನನ್ನ ಸೊಸೆ ಪೂರ್ಣಿಮಾ.

ಮೊದಲು ಆ ಆಲ್ಬಮ್ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಜೀವಕ್ಕೆ ಸಮಾಧಾನವಿಲ್ಲ. ಬ್ಯಾಂಡಿನ ಹೆಸರು ಬೇಡ. ಕೇಳಿದವರು ಊಹಿಸಿಕೊಳ್ಳುತ್ತಾರೆ, ಕೇಳದವರು ಹೆಸರು ಕೇಳಿಯೇ ಬಾಗಿಲು ಹಾಕಿಕೊಳ್ಳುತ್ತಾರೆ. ಅವರು ಜಗತ್ಪ್ರಸಿದ್ಧರಾಗುವ ಮುಂಚೆ ಮಾಡಿದ ಆಲ್ಬಮ್ ಅದು. ರಾಜಾಜಿನಗರದ ತವರಿನಲ್ಲಿ ನಾನು ಬಿ.ಕಾಂ. ಓದುತ್ತಿದ್ದಾಗ ಅಣ್ಣ ಅದರ ಕ್ಯಾಸೆಟ್ಟನ್ನು ಯಾರಿಂದಲೋ ತಂದ. ಅವನಿಗೆ ವಾರದೊಳಗೆ ಬೇಜಾರಾಯಿತು, ನನಗೆ ಇವತ್ತಿನವರೆಗೂ ಆಗಿಲ್ಲ. ಮೊದಲ ಸಲ ಹಾಕಿದಾಗ ಅಮ್ಮ ಅಡುಗೆಮನೆಯಿಂದ ಓಡಿ ಬಂದು, ಟೇಪು ಸಿಕ್ಕಿಹಾಕಿಕೊಂಡಿದೆ ಎಂದು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟಿದ್ದರು.

ಅವರ ಆಮೇಲಿನ ಆಲ್ಬಮ್‌ಗಳಲ್ಲಿ ಎಲ್ಲವೂ ನೆಟ್ಟಗಿದೆ, ಇಸ್ತ್ರಿ ಮಾಡಿಸಿದ ಹಾಗೆ. ಇದು ಹಾಗಲ್ಲ. ಡ್ರಮ್ಮಿನವನು ಒಂದು ಹಾಡಿನಲ್ಲಿ ತಡೆಯಲಾರದೆ ಅವಸರ ಮಾಡುತ್ತಾನೆ, ಉಳಿದವರು ಬಸ್ಸು ತಪ್ಪಿಹೋದೀತೆಂಬಂತೆ ಅವನ ಹಿಂದೆ ಓಡುತ್ತಾರೆ. ಹಾಡುವವನಿಗೆ ಮೇಲಿನ ಸ್ವರ ನಿಲುಕುವುದಿಲ್ಲ. ಆದರೂ ಹೋಗುತ್ತಾನೆ, ಗಂಟಲು ಒಡೆಯುತ್ತದೆ, ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದಾರೆ ಪುಣ್ಯಾತ್ಮರು. ಇಷ್ಟೆಲ್ಲ ಗದ್ದಲದ ನಡುವೆ ಒಂದು ನಿಧಾನದ ಹಾಡು ಬರುತ್ತದೆ. ಅಲ್ಲಿ ಆ ಒರಟು ಹುಡುಗರೆಲ್ಲ ಇದ್ದಕ್ಕಿದ್ದಂತೆ ಮೆತ್ತಗಾಗುತ್ತಾರೆ. ಇವರಿಗೆ ಇನ್ನೂ ಏನೂ ಸಿಕ್ಕಿಲ್ಲ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಆದರೂ ಹೀಗೆ ಜೀವ ತೇಯ್ದು ನುಡಿಸುತ್ತಿದ್ದಾರಲ್ಲ ಎಂದು ನನಗೆ ಪ್ರತಿ ಸಲವೂ ಪ್ರೀತಿ ಉಕ್ಕಿ ಕಣ್ಣು ತುಂಬುತ್ತದೆ. ಅವರೆಲ್ಲ ನನಗಿಂತ ಹಿರಿಯರು, ಈಗ ಮುದುಕರು. ಆ ಆಲ್ಬಮ್ಮಿನಲ್ಲಿ ಮಾತ್ರ ನನ್ನ ಮಗನಿಗಿಂತ ಚಿಕ್ಕವರು.

ಮಗನ ಮದುವೆಯ ತನಕ ನಮ್ಮ ಯಜಮಾನರ ಸಂಜೆಯ ಲಿಂಗಪೂಜೆ ಮುಗಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕೇಳುತ್ತಿದ್ದೆ. ಅವರು ಪಾಪ, ಹಾವಳಿ ಅನ್ನುತ್ತಿದ್ದರೇ ಹೊರತು ಬೇಡ ಎಂದವರಲ್ಲ. ಸೊಸೆ ಬಂದ ಮೇಲೆ ನನಗೇ ನಾಚಿಕೆ ಶುರುವಾಯಿತು. ರಾಣೆಬೆನ್ನೂರಿನ ಹುಡುಗಿ, ಬಂದ ದಿನವೇ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಾಳೆ. ಆ ಕಾಲು ಒಳಗೆ ಹೋಗಿ ಡ್ರಮ್ಮಿಗೆ ಸರಿಯಾಗಿ ಕುಣಿಯುತ್ತದೆ ಎಂದು ತಿಳಿದರೆ ಏನಂದುಕೊಂಡಾಳು? ಅತ್ತೆ ಎಂದ ಮೇಲೆ ಒಂದು ಗಾಂಭೀರ್ಯ ಬೇಡವೇ? ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಈ ಸಂಗೀತ ಎದೆಗೂಡಿಗೆ ಬಡಿಯಬೇಕು, ಬರೀ ಕಿವಿಗೆ ಬಿದ್ದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಆಗುತ್ತದೆ. ಕೊನೆಗೆ ಗೇಟಿನ ಮುಂದೆ ಹೊಂಗೆಮರದ ಕೆಳಗೆ ನಿಲ್ಲಿಸುವ ನಮ್ಮ ಕಾರೇ ಗತಿಯಾಯಿತು. ಕಚೇರಿಯಿಂದ ಬಂದು ಕಾಫಿ ಕುಡಿದು, ಗಾಳಿಗೆ ಹೋಗಿ ಬರುತ್ತೇನೆ ಎಂದು ಹೊರಟು, ಕಾರಿನ ಗಾಜು ಏರಿಸಿಕೊಂಡು ಕೂರುವುದು, ಆಲ್ಬಮ್ ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಒಳಗೆ ಬರುವುದು. ಇಷ್ಟು ಬುದ್ಧಿವಂತಿಕೆ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಎದುರು ಮನೆಯ ಗಿರಿಜಕ್ಕ ಒಂದು ಸಂಜೆ ಗಾಜು ತಟ್ಟಿ, ಬಿಸಿ ಅಕ್ಕಿರೊಟ್ಟಿ ಇಟ್ಟ ತಟ್ಟೆ ಕೊಟ್ಟರು. ನಾನು ಸಂತೋಷವಾಗಿ ತಿಂದೆ. ಇನ್ನೊಂದು ದಿನ ಭುಜ ಸವರಿ, ಎಲ್ಲ ಮನೆಯಲ್ಲೂ ಇದ್ದದ್ದೇ, ಧೈರ್ಯವಾಗಿರಬೇಕು ಎಂದರು. ಮಂಡಿನೋವಿನ ಬಗ್ಗೆ ಇರಬೇಕೆಂದು ಹೂಂಗುಟ್ಟಿದೆ. ಶ್ರಾವಣ ಬಂತು. ನಮ್ಮ ಬೀದಿಯಲ್ಲಿ ಹೊಸ ಸೊಸೆ ಬಂದ ವರ್ಷ ಶ್ರಾವಣದ ಶುಕ್ರವಾರಗಳಲ್ಲಿ ಎಲ್ಲ ಮನೆಯವರೂ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ರೂಢಿ. ಪೂರ್ಣಿಮಾ ಮೊದಲ ಶುಕ್ರವಾರ ರೇಷ್ಮೆ ಸೀರೆ ಉಟ್ಟು ಕೂತಳು. ಯಾರೂ ಕರೆಯಲಿಲ್ಲ. ಎರಡನೇ ಶುಕ್ರವಾರ ಉಡಲೂ ಇಲ್ಲ. ಈಗಿನವರಿಗೆ ಪುರಸೊತ್ತೆಲ್ಲಿ ಎಂದು ನಾನು ಬೀದಿಯವರ ಪರವಾಗಿ ಸಮಾಧಾನ ಹೇಳಿದೆ. ಅವಳು ನಕ್ಕು ಅಡುಗೆಮನೆಗೆ ಹೋದಳು.

ಮರುವಾರ ಸಂಜೆ ನಾನು ಕಾರಿನಲ್ಲಿದ್ದಾಗ ಆಟೋದಿಂದ ನಮ್ಮ ಬೀಗರು, ಪೂರ್ಣಿಮಾಳ ತಂದೆ, ಇಳಿದರು. ಹೇಳದೆ ಕೇಳದೆ ಬರುವವರಲ್ಲ ಅವರು. ಕೈಯಲ್ಲಿ ಖಡಕ್ ರೊಟ್ಟಿಯ ಗಂಟು. ನಿಧಾನದ ಹಾಡು ಆಗತಾನೇ ಮುಗಿದಿದ್ದರಿಂದ ನನ್ನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಿ ಅವರು ಗಂಟನ್ನು ಕಾರಿನ ಮೇಲಿಟ್ಟು ಎರಡೂ ಕೈ ಮುಗಿದುಬಿಟ್ಟರು.

"ಅಕ್ಕಾರ, ನಮ್ಮ ಹುಡುಗಿ ಸಣ್ಣಾಕಿ. ಏನರ ತಪ್ಪು ಮಾಡಿದ್ರ ನನ್ನ ಮಾರಿ ನೋಡಿ ಹೊಟ್ಟ್ಯಾಗ ಹಾಕ್ಕೊಳ್ರಿ. ನೀವು ಹಿಂಗ ಮನಿ ಬಿಟ್ಟು ಹೊರಗ ಕುಂದ್ರಬ್ಯಾಡ್ರಿ."

ಗಿರಿಜಕ್ಕನ ತಂಗಿಯನ್ನು ಕೊಟ್ಟಿರುವುದು ರಾಣೆಬೆನ್ನೂರಿಗೆ. ಹೊಸ ಸೊಸೆ ಅತ್ತೆಯನ್ನು ದಿನಾ ಸಂಜೆ ಮನೆಯಿಂದ ಆಚೆ ಹಾಕುತ್ತಾಳಂತೆ, ಆಯಮ್ಮ ಕಾರಿನಲ್ಲಿ ಕೂತು ತಲೆ ಚಚ್ಚಿಕೊಂಡು ಅಳುತ್ತಾರಂತೆ ಎಂಬ ಸುದ್ದಿ ನಮ್ಮ ಗೇಟಿನಿಂದ ಹೊರಟು ಬೀಗರ ಬೀಜದ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೂ ತಲುಪಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾತಿನಲ್ಲಿ ಹೇಳಿದರೆ ನಂಬುವ ವಿಷಯವಲ್ಲ. ಪಕ್ಕದ ಸೀಟಿನಲ್ಲಿ ಅವರನ್ನು ಕೂರಿಸಿಕೊಂಡು ಮೊದಲ ಹಾಡು ಹಾಕಿದೆ. ಅವರು ಮಂಡಿಯ ಮೇಲೆ ಕೈಯಿಟ್ಟುಕೊಂಡು, ಹಣೆಯ ವಿಭೂತಿ ಅಲುಗದ ಹಾಗೆ, ಪೂರ್ತಿ ಕೇಳಿದರು. ಇದನ್ನು ಕೇಳಲಿಕ್ಕೇ ನೀವು ಹೊರಗೆ ಬರುವುದೇ ಎಂದು ಕೇಳಿದರು. ಹೂಂ ಎಂದೆ. ಹಾಗಾದರೆ ಇದನ್ನು ಮನೆಯಲ್ಲೇ ಹಚ್ಚಿದರೆ ಯಾರು ಬೇಡ ಅನ್ನುತ್ತಾರೆ ಎಂದರು. ನಾನು ಇಳಿದು ಕಾರಿನ ಮೇಲಿದ್ದ ರೊಟ್ಟಿಯ ಗಂಟು ಎತ್ತಿಕೊಂಡೆ.

ಒಳಗೆ ಬಂದು ಪೂರ್ಣಿಮಾಳನ್ನು ಕೇಳಿದರೆ ಅವಳಿಗೆ ಎಲ್ಲವೂ ಮೊದಲೇ ಗೊತ್ತಿತ್ತು. ನಾನು ಕಾರಿನಲ್ಲಿ ಏನು ಕೇಳುತ್ತೇನೆ ಎನ್ನುವುದೂ ಗೊತ್ತು, ಬೀದಿಯವರು ಏನು ಆಡಿಕೊಳ್ಳುತ್ತಾರೆ ಎನ್ನುವುದೂ ಗೊತ್ತು. ಗಿರಿಜಕ್ಕ ಅವಳನ್ನು ತರಕಾರಿ ಗಾಡಿಯ ಹತ್ತಿರ ನಿಲ್ಲಿಸಿಕೊಂಡು, ಹಿರಿಯರ ಶಾಪ ತಟ್ಟುತ್ತೆ ಎಂದು ಬುದ್ಧಿಯನ್ನೂ ಹೇಳಿದ್ದರಂತೆ. ಅಷ್ಟನ್ನೂ ನುಂಗಿಕೊಂಡು ಇವಳು ನನಗೆ ರಾಗಿಮುದ್ದೆ ಬಡಿಸಿದ್ದಾಳೆ. ಯಾಕಮ್ಮ ಹೇಳಲಿಲ್ಲ ಎಂದೆ.

"ಹೇಳಿದ್ರ ನೀವು ಕಾರಿಗೆ ಹೋಗೋದ ಬಿಡ್ತಿದ್ರಿ, ಅತ್ತಿ. ವಾಪಸ್ ಬರುವಾಗ ನಿಮ್ಮ ಮಾರಿ ಎಷ್ಟು ಚಂದ ಇರತೈತಿ, ನಿಮಗೇನು ಗೊತ್ತು."

ಅತ್ತೆಯ ಗಾಂಭೀರ್ಯವೆಲ್ಲ ಅಲ್ಲಿಗೆ ಮುಗಿಯಿತು. ಅವಳನ್ನು ಅಪ್ಪಿಕೊಂಡು ಚೆನ್ನಾಗಿ ಅತ್ತೆ. ಈ ಸಲ ಯಾವ ಹಾಡೂ ಇರಲಿಲ್ಲ.

ಮರುದಿನ ಬೀಗರನ್ನು ಕಳಿಸಿ, ಸಂಜೆ ಪೂಜೆ ಮುಗಿದ ಮೇಲೆ, ಹಾಲಿನ ಕಿಟಕಿಗಳನ್ನೆಲ್ಲ ತೆರೆದು, ಮಗನ ದೊಡ್ಡ ಸ್ಪೀಕರಿನಲ್ಲಿ ಆಲ್ಬಮ್ ಹಾಕಿದೆ. ಅತ್ತೆ ಮನೆಯೊಳಗೇ ಇದ್ದಾಳೆಂದು ಬೀದಿಗೆಲ್ಲ ತಿಳಿಯಲಿ ಎಂಬುದು ನನ್ನ ಲೆಕ್ಕ. ಬೆಳಿಗ್ಗೆ ಗಿರಿಜಕ್ಕ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡರು. ಸೊಸೆ ಒಳಗೆ ಸೇರಿಸಿಕೊಂಡು ಹೀಗೆ ಕಿವಿ ಕಿತ್ತುಹೋಗುವಂತೆ ಹಾಕಿ ಹಿಂಸೆ ಕೊಡುವುದಕ್ಕಿಂತ ಹೊರಗೇ ವಾಸಿಯಿತ್ತಲ್ಲ ಎಂದು ಮರುಗಿದರು. ಅದನ್ನು ಹಾಕಿದ್ದು ಅವಳಲ್ಲ, ನಾನು, ನನಗೆ ಅದೇ ಇಷ್ಟ ಎಂದೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿ, ಹೀಗೆ ಹೇಳು ಅಂತ ಸೊಸೆ ಹೇಳಿಕೊಟ್ಟಳಾ ಎಂದರು. ಇಷ್ಟು ವರ್ಷ ಸಾಧು ಅನ್ನಿಸಿಕೊಂಡು ಬದುಕಿದ್ದರ ಫಲ ಇದು.

ಬೇರೆ ದಾರಿಯಿರಲಿಲ್ಲ. ಕಾಫಿಗೆ ಬನ್ನಿ ಎಂದು ಅವರನ್ನು ಕರೆದುಕೊಂಡು ಬಂದು, ಸೋಫಾದ ಮೇಲೆ ಕೂರಿಸಿ, ಎದುರಿಗೇ ನಿಂತು ಹಾಡು ಹಾಕಿದೆ. ಮೊದಲು ಸುಮ್ಮನೆ ನಿಂತಿರೋಣ ಅಂದುಕೊಂಡಿದ್ದೆ. ಆದರೆ ಗಿಟಾರು ಶುರುವಾದ ಮೇಲೆ ನಾನು ನನ್ನ ಕೈಯಲ್ಲಿರುವುದಿಲ್ಲ. ಕುತ್ತಿಗೆ ಆಡಿತು, ಮುಡಿ ಬಿಚ್ಚಿಹೋಯಿತು, ಅರ್ಧ ನರೆತ ಕೂದಲು ಮುಖದ ಮೇಲೆಲ್ಲ ಹರಡಿತು, ಕೈ ಗಾಳಿಯಲ್ಲಿ ಗಿಟಾರು ಮೀಟಿತು. ಹಾಡು ಮುಗಿದು ನಾನು ಏದುಸಿರು ಬಿಡುತ್ತ ಕಣ್ಣು ತೆರೆದಾಗ ಗಿರಿಜಕ್ಕ ಲೋಟ ಕೆಳಗಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪೂರ್ಣಿಮಾಳ ಎರಡೂ ಕೈ ಹಿಡಿದುಕೊಂಡಿದ್ದರು.

"ಎಷ್ಟು ದಿನದಿಂದಮ್ಮ ಹೀಗೆ? ಪಾಪ, ಒಬ್ಳೇ ಹೇಗ್ ಸಂಭಾಳಿಸ್ತಾ ಇದೀಯ?"

ಆ ಶುಕ್ರವಾರ ಬೀದಿಯ ಎಲ್ಲ ಮನೆಗಳಿಂದಲೂ ಪೂರ್ಣಿಮಾಗೆ ಅರಿಶಿನ ಕುಂಕುಮಕ್ಕೆ ಕರೆ ಬಂತು. ನನ್ನನ್ನು ಯಾರೂ ಕರೆಯಲಿಲ್ಲ. ಅವಳು ರೇಷ್ಮೆ ಸೀರೆಯುಟ್ಟು ಹೋಗಿ, ಬಾಳೆಹಣ್ಣು, ರವಿಕೆ ಕಣಗಳ ಜೊತೆಗೆ, ಗಿರಿಜಕ್ಕ ನನಗೆಂದೇ ಮಠದಿಂದ ತರಿಸಿದ ವಿಭೂತಿಯ ಪೊಟ್ಟಣವನ್ನೂ ತಂದಳು. ದಿನಾ ಸಂಜೆ ತಪ್ಪದೆ ಹಚ್ಚಬೇಕಂತೆ. ಪೂರ್ಣಿಮಾ ನಗು ತಡೆದುಕೊಂಡು ಹಚ್ಚುತ್ತಾಳೆ, ಹಚ್ಚಿ ತಾನೇ ಆಲ್ಬಮ್ ಹಾಕುತ್ತಾಳೆ. ಮೂರನೇ ಹಾಡಿನ ಹೊತ್ತಿಗೆ ಬೆವರಿಗೆ ಅದೆಲ್ಲ ಇಳಿದು ಕಣ್ಣಿಗೆ ಬರುತ್ತದೆ ಎನ್ನುವುದೊಂದೇ ಸದ್ಯಕ್ಕೆ ನನ್ನ ತೊಂದರೆ.